ಲಾವೋತ್ಸುವಿನಿಂದ ಶುರು ಮಾಡಬೇಡಿ: ಹಳೆಯ ಚೀನಾದ ತತ್ವದ ಪುಸ್ತಕಗಳನ್ನು ಓದುವ ದಾರಿ

ತಾವೋ (ದಾವ್ ಅಂತಲೂ ಬರೆಯುತ್ತಾರೆ, ಅರ್ಥ ‘ದಾರಿ’) ಬಗ್ಗೆ ಓದಬೇಕು ಅನ್ನಿಸಿದವರು ಬಹುತೇಕ ಮೊದಲು ಹಿಡಿಯುವುದು ಲಾವೋತ್ಸುವಿನ ‘ದಾವ್ ದ ಜಿಂಗ್’. ಪುಸ್ತಕ ತೆಳ್ಳಗಿದೆ. ಮೂಲದಲ್ಲಿ ಸುಮಾರು 5,000 ಚೀನೀ ಅಕ್ಷರ, 81 ಪುಟ್ಟ ಅಧ್ಯಾಯ. ಮಧ್ಯಾಹ್ನ ಊಟ ಮುಗಿಸಿ ಕೂತರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತದೆ. ಏನು ಉಳಿಯಿತು ಅಂತ ಆಮೇಲೆ ನೋಡಿಕೊಂಡರೆ, ‘ನೀರಿನ ಹಾಗಿರಬೇಕು’, ‘ಸುಮ್ನೆ ಇರಬೇಕು’ ಎಂಬ ಎರಡು ಮಾತು. ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ.

ಇದರಲ್ಲಿ ಓದುಗರ ತಪ್ಪೇನೂ ಇಲ್ಲ. ತೊಂದರೆ ಇರುವುದು ಓದುವ ಕ್ರಮದಲ್ಲಿ. ಹಳೆಯ ಚೀನಾದ ಈ ಪುಸ್ತಕಗಳು ಒಂದಕ್ಕೊಂದು ಉತ್ತರ ಕೊಡುತ್ತವೆ, ವಾದಕ್ಕೆ ಇಳಿಯುತ್ತವೆ, ಕಾಲೆಳೆಯುತ್ತವೆ. ಲಾವೋತ್ಸು ಯಾರಿಗೆ ಉತ್ತರ ಹೇಳುತ್ತಿದ್ದಾನೆ ಅಂತ ಗೊತ್ತಿಲ್ಲದೆ ಓದಿದರೆ, ಫೋನಿನಲ್ಲಿ ಮಾತಾಡುವವರ ಒಂದು ಕಡೆಯ ಮಾತನ್ನಷ್ಟೇ ಕೇಳಿಸಿಕೊಂಡ ಹಾಗಾಗುತ್ತದೆ. ಅದಕ್ಕೇ ನಾನು ಹೇಳುವ ಕ್ರಮ ಹೀಗಿದೆ: ಕನ್ಫ್ಯೂಷಿಯಸ್ ಸ್ವಲ್ಪ, ಆಮೇಲೆ ಲಾವೋತ್ಸುವಿನ ಹಾಗೇ ತಾವೋ ಪಂಥದವನಾದ ಜುವಾಂಗ್‌ಜಿ ಜಾಸ್ತಿ, ಅದಾದ ಮೇಲೆ ಲಾವೋತ್ಸು. ದಿನಕ್ಕೆ ಅರ್ಧ ಗಂಟೆ ಕೊಟ್ಟರೂ ಕೆಲವು ತಿಂಗಳ ಕೆಲಸ. ಅವಸರ ಬೇಡ.

ಮೊದಲ ಹೆಜ್ಜೆ: ಆ ಕಾಲ ಎಂಥದ್ದು ಅಂತ ತಿಳಿದುಕೊಳ್ಳಿ

ಇದಕ್ಕೆ ಒಂದೆರಡು ಸಂಜೆ ಸಾಕು. ಕನ್ಫ್ಯೂಷಿಯಸ್ ಬದುಕಿದ್ದು ಕ್ರಿ.ಪೂ. 551ರಿಂದ 479ರವರೆಗೆ. ಊರು ಲೂ ರಾಜ್ಯದ ಚೂಫು, ಇವತ್ತಿನ ಶಾನ್‌ಡಾಂಗ್ ಪ್ರಾಂತ್ಯದಲ್ಲಿದೆ. ಜೌ ವಂಶದ ದೊರೆ ಹೆಸರಿಗೆ ಮಾತ್ರ ದೊರೆಯಾಗಿದ್ದ. ಕೆಳಗಿನ ರಾಜ್ಯಗಳು ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದವು. ಕನ್ಫ್ಯೂಷಿಯಸ್ ತೀರಿಕೊಂಡ ಮೇಲಿನ ಸುಮಾರು ಎರಡೂವರೆ ಶತಮಾನಗಳಿಗೆ ಚರಿತ್ರೆಯಲ್ಲಿ ‘ಕಾದಾಡುವ ರಾಜ್ಯಗಳ ಕಾಲ’ ಅಂತಲೇ ಹೆಸರು. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್ ಯುದ್ಧ ನಡೆಯಿತು. ಅದರಲ್ಲಿ ಸೋತು ಶರಣಾದ ಸೈನಿಕರೂ ಸೇರಿ ನಾಲ್ಕು ಲಕ್ಷಕ್ಕೂ ಮೀರಿ ಜನ ಸತ್ತರು ಎಂದು ಚೀನಾದ ಮೊದಲ ದೊಡ್ಡ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯ ಎಲ್ಲರನ್ನೂ ನುಂಗಿ ಒಂದೇ ಸಾಮ್ರಾಜ್ಯ ಮಾಡಿತು.

ಈ ಹೊಡೆದಾಟದ ನಡುವೆ ಪಂಡಿತರು ರಾಜ್ಯದಿಂದ ರಾಜ್ಯಕ್ಕೆ ಅಲೆಯುತ್ತಿದ್ದರು. ಈ ಕೊಲೆಗಡುಕತನ ಹೇಗೆ ನಿಲ್ಲುತ್ತದೆ, ಮನುಷ್ಯ ಇದರ ನಡುವೆ ಹೇಗೆ ಬದುಕಬೇಕು, ಎಂಬುದೇ ಎಲ್ಲರ ಪ್ರಶ್ನೆ. ದಾವ್ ಎಂಬ ಮಾತು ಕೂಡ ತಾವೋ ಪಂಥದವರ ಸ್ವಂತ ಆಸ್ತಿಯಲ್ಲ. ಕನ್ಫ್ಯೂಷಿಯಸ್ಸೂ ಅದನ್ನೇ ಬಳಸುತ್ತಾನೆ, ಅವನನ್ನು ಬೈಯುವವರೂ ಅದನ್ನೇ ಬಳಸುತ್ತಾರೆ. ಸರಿಯಾದ ದಾರಿ ಯಾವುದು ಎಂಬುದರ ಮೇಲೇ ಅವರ ಜಗಳ. ಹಿನ್ನೆಲೆಗೆ ಒಂದು ಪುಸ್ತಕ ಬೇಕಾದರೆ ಫಂಗ್ ಯೂ-ಲಾನ್ 1948ರಲ್ಲಿ ಇಂಗ್ಲಿಷಿನಲ್ಲಿ ತಂದ ಚೀನೀ ತತ್ವಶಾಸ್ತ್ರದ ಚಿಕ್ಕ ಚರಿತ್ರೆ ಸಾಕು. ಅದರ ಮೊದಲ ಅರ್ಧ ಓದಿ ಇಟ್ಟುಬಿಡಿ.

ಎರಡನೇ ಹೆಜ್ಜೆ: ಪುಸ್ತಕ ಕೊಳ್ಳುವ ಮುನ್ನ

ಚೀನೀ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು ಪದ್ಧತಿ ಇವೆ. ಹಳೆಯದು ವೇಡ್-ಜೈಲ್ಸ್, ಈಗಿನದು ಪಿನ್‌ಯಿನ್. ಹಳೆಯದರಲ್ಲಿ ‘ತಾವೋ ತೆ ಚಿಂಗ್’ ಆಗಿದ್ದದ್ದು ಹೊಸದರಲ್ಲಿ ‘ದಾವ್ ದ ಜಿಂಗ್’. ‘ಚುವಾಂಗ್ ತ್ಸು’ ಮತ್ತು ‘ಜುವಾಂಗ್‌ಜಿ’ ಒಬ್ಬನೇ. ಅಂಗಡಿಯಲ್ಲಾಗಲಿ ಲೈಬ್ರರಿಯಲ್ಲಾಗಲಿ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ಒಂದರಲ್ಲಿ ಇಲ್ಲ ಅಂತ ಬಂದ ಪುಸ್ತಕ ಇನ್ನೊಂದರಲ್ಲಿ ಸಿಗುತ್ತದೆ.

ಕನ್ನಡದಲ್ಲಿ ಯು.ಆರ್. ಅನಂತಮೂರ್ತಿ ಅವರು ದಾವ್ ದ ಜಿಂಗ್ ಅನ್ನು ತಂದಿದ್ದಾರೆ. ಸಿಕ್ಕಿದರೆ ಕೊಂಡಿಟ್ಟುಕೊಳ್ಳಿ, ಐದನೇ ಹೆಜ್ಜೆಗೆ ಬೇಕಾಗುತ್ತದೆ. ಉಳಿದದ್ದಕ್ಕೆ ಇಂಗ್ಲಿಷೇ ಗತಿ. ಕನ್ಫ್ಯೂಷಿಯಸ್‌ನ ‘ಅನಲೆಕ್ಟ್ಸ್’ಗೆ ಎಡ್ವರ್ಡ್ ಸ್ಲಿಂಗರ್‌ಲ್ಯಾಂಡ್ ಅವರ 2003ರ ಅನುವಾದ ಒಳ್ಳೆಯದು. ಅದರಲ್ಲಿ ಪ್ರತಿ ಮಾತಿನ ಕೆಳಗೂ ಚೀನಾದ ಹಳೆಯ ವ್ಯಾಖ್ಯಾನಕಾರರು ಏನು ಹೇಳಿದರು ಅಂತ ಕೊಟ್ಟಿದ್ದಾರೆ. ಜುವಾಂಗ್‌ಜಿಗೆ ಬರ್ಟನ್ ವಾಟ್ಸನ್ ಅವರ 1968ರ ಅನುವಾದ. ಓದಿಸಿಕೊಂಡು ಹೋಗುತ್ತದೆ, ನಗುವನ್ನೂ ಉಳಿಸಿಕೊಂಡಿದೆ. ಲಾವೋತ್ಸುವಿಗೆ ಡಿ.ಸಿ. ಲಾವ್ ಅವರ 1963ರ ಪೆಂಗ್ವಿನ್ ಪ್ರತಿ.

ದುಡ್ಡು ಖರ್ಚು ಮಾಡುವುದು ಬೇಡ ಅಂದರೆ ಜೇಮ್ಸ್ ಲೆಗ್ ಇದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ಚೀನೀ ಭಾಷೆಯ ಮೊದಲ ಪ್ರಾಧ್ಯಾಪಕರು ಇವರೇ. ಅವರು ಮಾಡಿದ ಲಾವೋತ್ಸು ಮತ್ತು ಜುವಾಂಗ್‌ಜಿ ಅನುವಾದಗಳು 1891ರಲ್ಲಿ ಬಂದವು, ಈಗ ಪುಕ್ಕಟೆ. ‘ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್’ ಎಂಬ ಜಾಲತಾಣದಲ್ಲಿ ಚೀನೀ ಮೂಲದ ಪಕ್ಕದಲ್ಲೇ ಇವರ ಇಂಗ್ಲಿಷ್ ಇಟ್ಟಿದ್ದಾರೆ. ಭಾಷೆ ಸ್ವಲ್ಪ ಹಳೆಯದು, ಆದರೆ ನಂಬಬಹುದು.

ಅಂಗಡಿಯಲ್ಲಿ ಜಾಸ್ತಿ ಕಣ್ಣಿಗೆ ಬೀಳುವುದು ಸ್ಟೀಫನ್ ಮಿಚೆಲ್ ಅವರ 1988ರ ದಾವ್ ದ ಜಿಂಗ್. ಓದಲು ಸೊಗಸಾಗಿದೆ. ಆದರೆ ಚೀನೀ ಬಾರದೆ, ಬೇರೆ ಅನುವಾದಗಳನ್ನು ಮುಂದಿಟ್ಟುಕೊಂಡು ಮಾಡಿದ ರೂಪ ಅದು. ಪಠ್ಯ ಏನು ಹೇಳುತ್ತದೆ ಅಂತ ತಿಳಿಯಬೇಕಾದವರು ಅದನ್ನೊಂದನ್ನೇ ನೆಚ್ಚಿಕೊಳ್ಳಬಾರದು.

ಮೂರನೇ ಹೆಜ್ಜೆ: ಕನ್ಫ್ಯೂಷಿಯಸ್, ಆದರೆ ಪೂರ್ತಿ ಬೇಡ

ಅನಲೆಕ್ಟ್ಸ್‌ನಲ್ಲಿ 20 ಭಾಗಗಳಿವೆ. ಶಿಷ್ಯರು ನೆನಪಿಟ್ಟುಕೊಂಡ ಚೂರುಪಾರು ಮಾತುಗಳು. ಮೊದಲ ಸಲ 3ರಿಂದ 9ನೇ ಭಾಗ ಓದಿ. ಇವು ಹೆಚ್ಚು ಹಳೆಯವು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಜೊತೆಗೆ 11 ಮತ್ತು 18.

11ನೇ ಭಾಗ ಯಾಕೆ? ಈ ಪುಸ್ತಕವನ್ನು ಹೇಗೆ ಓದಬೇಕು ಅಂತ ಕಲಿಸುವ ಒಂದು ತುಣುಕು ಅಲ್ಲಿದೆ. ಜಿಲು ಎಂಬ ಶಿಷ್ಯ ಬಂದು, ‘ಒಳ್ಳೆಯದೇನಾದರೂ ಕೇಳಿದರೆ ತಕ್ಷಣ ಮಾಡಿಬಿಡಬೇಕೇ’ ಅನ್ನುತ್ತಾನೆ. ‘ಮನೆಯಲ್ಲಿ ಅಪ್ಪ, ಅಣ್ಣಂದಿರು ಇರುವಾಗ ಹಾಗೆ ಹೇಗೆ ಮಾಡುತ್ತೀ’ ಎಂದು ಗುರು ತಡೆಯುತ್ತಾನೆ. ರಾನ್ ಯೂ ಬಂದು ಅದೇ ಪ್ರಶ್ನೆ ಕೇಳುತ್ತಾನೆ. ‘ಹೌದು, ತಕ್ಷಣ ಮಾಡು’ ಎನ್ನುತ್ತಾನೆ ಗುರು. ಎರಡನ್ನೂ ಕೇಳಿಸಿಕೊಂಡ ಮೂರನೆಯವನಿಗೆ ತಲೆ ಕೆಡುತ್ತದೆ. ಗುರುವಿನ ವಿವರಣೆ ಇಷ್ಟೇ: ರಾನ್ ಯೂ ಹಿಂಜರಿಯುವವನು, ಅದಕ್ಕೆ ಮುಂದೆ ತಳ್ಳಿದೆ. ಜಿಲು ಮುನ್ನುಗ್ಗುವವನು, ಅದಕ್ಕೆ ಹಿಡಿದು ನಿಲ್ಲಿಸಿದೆ.

ಹಾಗಾಗಿ ಪ್ರತಿ ಮಾತಿನ ಮುಂದೆಯೂ ಕೇಳಿದ್ದು ಯಾರು ಅಂತ ಗುರುತು ಹಾಕಿಕೊಳ್ಳಿ. ಎರಡು ಹೆಸರು ಚೆನ್ನಾಗಿ ನೆನಪಿರಲಿ. ಒಬ್ಬ ಈ ದುಡುಕಿನ ಜಿಲು. ಇನ್ನೊಬ್ಬ ಯಾನ್ ಹುಯ್, ಗುರುವಿನ ಅಚ್ಚುಮೆಚ್ಚಿನ ಬಡ ಶಿಷ್ಯ. ಅವನು ಚಿಕ್ಕ ವಯಸ್ಸಿನಲ್ಲೇ ಸತ್ತಾಗ ಕನ್ಫ್ಯೂಷಿಯಸ್ ಬಿಕ್ಕಿಬಿಕ್ಕಿ ಅಳುತ್ತಾನೆ. ‘ಇಷ್ಟು ಅಳುವುದು ಅತಿಯಾಯಿತಲ್ಲವೇ’ ಅಂದವರಿಗೆ, ‘ಇವನಿಗಾಗಿ ಅಳದೆ ಇನ್ಯಾರಿಗಾಗಿ ಅಳಲಿ’ ಅನ್ನುತ್ತಾನೆ.

18ನೇ ಭಾಗದ 6ನೇ ತುಣುಕನ್ನು ಎರಡು ಸಲ ಓದಿ. ಗುರುಶಿಷ್ಯರು ಹೊಳೆ ದಾಟಬೇಕು. ಗದ್ದೆಯಲ್ಲಿ ಇಬ್ಬರು ಉಳುತ್ತಿದ್ದಾರೆ. ಹೊಳೆ ದಾಟುವ ಜಾಗ ಎಲ್ಲಿದೆ ಅಂತ ಕೇಳಿಕೊಂಡು ಬರಲು ಜಿಲುವನ್ನು ಕಳಿಸುತ್ತಾರೆ. ಗಾಡಿಯಲ್ಲಿರುವವನು ಲೂ ದೇಶದ ಕನ್ಫ್ಯೂಷಿಯಸ್ ಅಂತ ತಿಳಿದ ಕೂಡಲೇ ಮೊದಲನೆಯವನು, ‘ಹಾಗಾದರೆ ದಾಟುವ ಜಾಗ ಅವನಿಗೇ ಗೊತ್ತಿರುತ್ತದೆ ಬಿಡು’ ಅನ್ನುತ್ತಾನೆ. ಎರಡನೆಯವನು, ‘ಲೋಕವೆಲ್ಲ ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದೆ, ಯಾರು ಬದಲಿಸುತ್ತಾರೆ ಇದನ್ನು? ಕೆಟ್ಟ ಜನರಿಂದ ಓಡುವವನ ಹಿಂದೆ ಹೋಗುವ ಬದಲು ಲೋಕದಿಂದಲೇ ದೂರ ಇರುವವರ ಜೊತೆ ಸೇರಿಕೋ’ ಎಂದು ಹೇಳಿ ಬೀಜದ ಮೇಲೆ ಮಣ್ಣು ಮುಚ್ಚುತ್ತಲೇ ಇರುತ್ತಾನೆ. ಕೈ ನಿಲ್ಲಿಸುವುದೇ ಇಲ್ಲ. ಜಿಲು ವಾಪಸು ಬಂದು ಹೇಳಿದಾಗ ಕನ್ಫ್ಯೂಷಿಯಸ್ ನಿಟ್ಟುಸಿರು ಬಿಡುತ್ತಾನೆ. ‘ಹಕ್ಕಿ, ಮೃಗಗಳ ಜೊತೆ ಬಾಳಲಾಗುವುದಿಲ್ಲ. ಮನುಷ್ಯರ ಜೊತೆ ಇರದೆ ಇನ್ಯಾರ ಜೊತೆ ಇರಲಿ? ಲೋಕ ದಾರಿಯಲ್ಲಿದ್ದಿದ್ದರೆ ನಾನು ಅದನ್ನು ಬದಲಿಸಲು ಹೊರಡುತ್ತಿರಲಿಲ್ಲ.’

ಮುಂದೆ ನೀವು ಓದುವ ಅರ್ಧ ಜಗಳ ಈ ಒಂದು ಪುಟದಲ್ಲಿದೆ. ಆ ಉಳುವವರ ಕಡೆಯ ಮಾತನ್ನು ಜುವಾಂಗ್‌ಜಿ ಮುಂದುವರಿಸುತ್ತಾನೆ.

ನಾಲ್ಕನೇ ಹೆಜ್ಜೆ: ಜುವಾಂಗ್‌ಜಿಯ ಏಳು ಅಧ್ಯಾಯ

ನನ್ನನ್ನು ಕೇಳಿದರೆ ಇಡೀ ಓದಿನ ಹೃದಯ ಇದು. ಸಮಯ ಕಮ್ಮಿ ಇದ್ದವರು ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಪುಸ್ತಕದಲ್ಲಿ 33 ಅಧ್ಯಾಯಗಳಿವೆ. ಈಗಿನ ರೂಪ ಕೊಟ್ಟವನು ಕ್ರಿ.ಶ. 312ರಲ್ಲಿ ತೀರಿಕೊಂಡ ಗುವೋ ಶಿಯಾಂಗ್. ಮೊದಲ 7 ‘ಒಳ ಅಧ್ಯಾಯ’ಗಳು, ಆಮೇಲೆ 15 ‘ಹೊರ ಅಧ್ಯಾಯ’ಗಳು, ಉಳಿದ 11 ‘ಬಿಡಿ ಅಧ್ಯಾಯ’ಗಳು. ಜುವಾಂಗ್‌ಜಿ ತಾನೇ ಬರೆದದ್ದು ಒಳ ಅಧ್ಯಾಯಗಳು, ಮಿಕ್ಕವು ಬೇರೆ ಕೈಗಳಿಂದ ಬಂದವು ಎಂಬುದು ಬಹುಕಾಲದಿಂದ ಬಂದ ನಂಬಿಕೆ. ಈಗ ಅದನ್ನು ಪ್ರಶ್ನಿಸುವವರೂ ಇದ್ದಾರೆ. ನಮಗೆ ಸದ್ಯಕ್ಕೆ ಮೊದಲ ಏಳು.

ಆದರೆ ಒಂದರಿಂದ ಏಳು ಅಂತ ಸಾಲಾಗಿ ಹೋಗಬೇಡಿ. ಎರಡನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಅದು ತುಂಬಾ ಗಟ್ಟಿ. 3ರಿಂದ ಶುರು ಮಾಡಿ, 4, 1, 5, 6, 7 ಮುಗಿಸಿ, ಕೊನೆಗೆ 2ಕ್ಕೆ ಬನ್ನಿ.

3ನೇ ಅಧ್ಯಾಯದಲ್ಲಿ ಅಡುಗೆಯವ ಡಿಂಗ್ ಇದ್ದಾನೆ. ದೊರೆ ವೆನ್‌ಹುಯ್ ಎದುರಿಗೆ ಎತ್ತನ್ನು ಕಡಿದು ಬಿಡಿಸುತ್ತಿದ್ದಾನೆ. ಭುಜ, ಕಾಲು, ಮಂಡಿ ಎಲ್ಲ ಒಂದು ಲಯದಲ್ಲಿ ಆಡುತ್ತಿವೆ. ದೊರೆ ಬೆರಗಾಗುತ್ತಾನೆ. ಡಿಂಗ್ ವಿವರಿಸುತ್ತಾನೆ: ಸಾಧಾರಣ ಅಡುಗೆಯವನು ತಿಂಗಳಿಗೊಂದು ಕತ್ತಿ ಬದಲಿಸುತ್ತಾನೆ, ಕೊಚ್ಚುತ್ತಾನಲ್ಲ, ಅದಕ್ಕೆ. ಒಳ್ಳೆಯವನು ವರ್ಷಕ್ಕೊಂದು, ಕೊಯ್ಯುತ್ತಾನೆ. ನನ್ನ ಕತ್ತಿಗೆ 19 ವರ್ಷ, ಸಾವಿರಾರು ಎತ್ತು ಬಿಡಿಸಿದೆ, ಅಲಗು ಈಗ ತಾನೇ ಮಸೆದ ಹಾಗಿದೆ. ಕೀಲುಗಳ ನಡುವೆ ಸಂದು ಇದೆ. ಅಲಗಿಗೆ ದಪ್ಪವೇ ಇಲ್ಲ. ದಪ್ಪವಿಲ್ಲದ್ದು ಸಂದಿನೊಳಗೆ ಹೋದರೆ ಆಡಲು ಬೇಕಾದಷ್ಟು ಜಾಗ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಹರಿವು, ಸಹಜತೆ, ಸರಾಗ ಅಂತ ಬರೆದುಕೊಳ್ಳುತ್ತಾರೆ. ಮುಂದಿನ ಸಾಲು ನೋಡಿ. ‘ಆದರೂ ಗಂಟು ಬಿಗಿದ ಜಾಗಕ್ಕೆ ಬಂದಾಗ ಎಚ್ಚರವಾಗುತ್ತೇನೆ. ಕಣ್ಣು ಅಲ್ಲೇ ನೆಡುತ್ತದೆ. ಕೈ ನಿಧಾನವಾಗುತ್ತದೆ.’ ಇಷ್ಟು ಪಳಗಿದ ಕೈಯೂ ಕಷ್ಟದ ಜಾಗದಲ್ಲಿ ತಡೆದು ನೋಡುತ್ತದೆ. ಇನ್ನೂ ಒಂದು: ಕೊನೆಯಲ್ಲಿ ದೊರೆ, ‘ಜೀವವನ್ನು ಕಾಪಾಡಿಕೊಳ್ಳುವುದು ಹೇಗೆಂದು ಇವನಿಂದ ಕಲಿತೆ’ ಅನ್ನುತ್ತಾನೆ. ಅಡುಗೆ ಕಲಿತೆ ಅನ್ನುವುದಿಲ್ಲ. ಯುದ್ಧದ ಕಾಲದಲ್ಲಿ ಅಲಗು ಮೊಂಡಾಗದೆ 19 ವರ್ಷ ಉಳಿಯುವುದು ಸಣ್ಣ ವಿಷಯವಲ್ಲ, ಅಲ್ವಾ?

4ನೇ ಅಧ್ಯಾಯಕ್ಕೆ ಬಂದಾಗ ನಿಮಗೆ ಪರಿಚಯದವರು ಸಿಗುತ್ತಾರೆ. ಯಾನ್ ಹುಯ್ ತನ್ನ ಗುರುವಿನ ಮುಂದೆ ನಿಂತಿದ್ದಾನೆ. ವೇ ರಾಜ್ಯದ ದೊರೆ ದುಡುಕ, ಜನ ಸಾಯುತ್ತಿದ್ದಾರೆ, ಹೋಗಿ ಅವನನ್ನು ತಿದ್ದುತ್ತೇನೆ ಅನ್ನುತ್ತಾನೆ. ಕನ್ಫ್ಯೂಷಿಯಸ್, ‘ಹೋದರೆ ತಲೆ ಕಳೆದುಕೊಳ್ಳುತ್ತೀ ಅಷ್ಟೇ’ ಅನ್ನುತ್ತಾನೆ. ಯಾನ್ ಹುಯ್ ಒಂದಾದ ಮೇಲೊಂದು ಉಪಾಯ ಹೇಳುತ್ತಾನೆ, ಗುರು ಒಂದೊಂದನ್ನೂ ತಳ್ಳಿಹಾಕುತ್ತಾನೆ. ಕೊನೆಗೆ, ಮನಸ್ಸಿಗೆ ಉಪವಾಸ ಮಾಡಿಸು ಅನ್ನುತ್ತಾನೆ. ಈ ಮಾತುಕತೆ ಜುವಾಂಗ್‌ಜಿಯ ಕಲ್ಪನೆ. ಕನ್ಫ್ಯೂಷಿಯಸ್‌ನ ಬಾಯಲ್ಲಿ ಇವನು ತನ್ನ ಮಾತು ಆಡಿಸುತ್ತಿದ್ದಾನೆ. ಯಾನ್ ಹುಯ್ ಬೇಗ ಸಾಯುತ್ತಾನೆ ಅಂತ ನಿಮಗೆ ಗೊತ್ತಿದೆಯಲ್ಲ, ಅದರಿಂದಲೇ ಗುರುವಿನ ಆತಂಕ ಎದೆಗೆ ತಾಕುತ್ತದೆ. ಅನಲೆಕ್ಟ್ಸ್ ಮೊದಲು ಓದಿ ಅಂದದ್ದು ಇದಕ್ಕೇ.

2ನೇ ಅಧ್ಯಾಯವನ್ನು ಒಂದೇ ದಿನಕ್ಕೆ ಮುಗಿಸಲು ಹೋಗಬೇಡಿ. ಸರಿ-ತಪ್ಪು ಅಂತ ಕನ್ಫ್ಯೂಷಿಯಸ್ ಕಡೆಯವರೂ ಅವರ ಎದುರಾಳಿ ಪಂಡಿತ ಮೋಜಿಯ ಕಡೆಯವರೂ ಕಿತ್ತಾಡುವುದನ್ನು ಅಲ್ಲಿ ಹೆಸರು ಹಿಡಿದೇ ಎತ್ತುತ್ತಾನೆ. ಕೊನೆಯಲ್ಲಿ ಆ ಪ್ರಸಿದ್ಧ ಚಿಟ್ಟೆಯ ಕನಸು ಬರುತ್ತದೆ. ನಾನು ಚಿಟ್ಟೆಯಾದ ಕನಸು ಕಂಡೆನೋ, ಚಿಟ್ಟೆ ನಾನಾದ ಕನಸು ಕಾಣುತ್ತಿದೆಯೋ. ಎಲ್ಲ ಕಡೆ ಇಷ್ಟೇ ಉದ್ಧರಿಸುತ್ತಾರೆ. ಮೂಲದಲ್ಲಿ ಅದಾದ ಮೇಲೂ ಮಾತಿದೆ: ಇಬ್ಬರ ನಡುವೆ ಏನೋ ವ್ಯತ್ಯಾಸ ಇರಲೇಬೇಕು, ವಸ್ತುಗಳು ಮಾರ್ಪಡುವುದು ಅಂದರೆ ಇದೇ. ಎಲ್ಲವೂ ಭ್ರಮೆ ಅಂತ ಅವನು ಹೇಳಿಲ್ಲ. ಈ ಸಾಲು ಬಿಟ್ಟರೆ ಕಥೆಯೇ ಬೇರೆಯಾಗುತ್ತದೆ.

ಏಳು ಮುಗಿದ ಮೇಲೆ ಹೊರ ಅಧ್ಯಾಯಗಳಲ್ಲಿ 17 ಮತ್ತು 18 ಓದಿ. ಮೀನಿನ ಸಂತೋಷದ ವಾದ, ಕೆಸರಲ್ಲಿ ಬಾಲ ಎಳೆಯುವ ಆಮೆ, ಹೆಂಡತಿ ಸತ್ತಾಗ ಜುವಾಂಗ್‌ಜಿ ಪಾತ್ರೆ ಬಡಿದು ಹಾಡುವುದು, ಎಲ್ಲ ಅಲ್ಲಿವೆ. 13ರ ಕೊನೆಯಲ್ಲಿ ಚಕ್ರ ಮಾಡುವ ಬಡಗಿ ಬಿಯಾನ್ ಬರುತ್ತಾನೆ. ಮೇಲೆ ಸಭಾಂಗಣದಲ್ಲಿ ದೊರೆ ಓದುತ್ತಿದ್ದಾನೆ, ಕೆಳಗೆ ಅಂಗಳದಲ್ಲಿ ಇವನು ಮರ ಕೆತ್ತುತ್ತಿದ್ದಾನೆ. ನೀವು ಓದುತ್ತಿರುವುದು ಸತ್ತವರು ಬಿಟ್ಟುಹೋದ ಗಸಿ ಅನ್ನುತ್ತಾನೆ. ಸಮಜಾಯಿಷಿ ಕೊಡು, ಇಲ್ಲವೇ ಸಾಯಿ ಅನ್ನುತ್ತಾನೆ ದೊರೆ. ಉಳಿಯ ಏಟು ಮೆಲ್ಲಗಾದರೆ ಜಾರುತ್ತದೆ, ಬಿರುಸಾದರೆ ಕಚ್ಚಿಕೊಳ್ಳುತ್ತದೆ, ಹದ ನನ್ನ ಕೈಗೆ ಗೊತ್ತು, ಮಗನಿಗೆ ಹೇಳಿಕೊಡಲು ಮಾತ್ರ ಆಗಲಿಲ್ಲ, 70 ವರ್ಷವಾದರೂ ನಾನೇ ಕೆತ್ತುತ್ತಿದ್ದೇನೆ ಅನ್ನುತ್ತಾನೆ ಬಡಗಿ.

ಐದನೇ ಹೆಜ್ಜೆ: ಈಗ ಲಾವೋತ್ಸು

ಲಾವೋತ್ಸು ಯಾರು? ಸಿಮಾ ಚಿಯೆನ್ ಬರೆದ ಪ್ರಕಾರ ಜೌ ಅರಸರ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಲೀ ಅರ್. ರಾಜ್ಯ ಬಿಟ್ಟು ಹೊರಟಾಗ ಗಡಿ ಕಾಯುವವನು ಕೇಳಿಕೊಂಡನಂತೆ, ಇವನು ಬರೆದುಕೊಟ್ಟನಂತೆ. ಹಾಗೆ ಬರೆಯುವ ಸಿಮಾ ಚಿಯೆನ್‌ಗೇ ಗಟ್ಟಿ ನಂಬಿಕೆ ಇಲ್ಲ, ಇವನಿರಬಹುದು, ಅವನಿರಬಹುದು ಅಂತ ಬೇರೆ ಹೆಸರುಗಳನ್ನೂ ಕೊಡುತ್ತಾನೆ. ಒಬ್ಬನೇ ಬರೆದದ್ದಲ್ಲ, ಕಾಲಕಾಲಕ್ಕೆ ಕೂಡಿ ಬೆಳೆದದ್ದು ಅಂತ ಇವತ್ತು ಹೆಚ್ಚಿನವರು ಒಪ್ಪುತ್ತಾರೆ.

ದಿನಕ್ಕೆ ಒಂದೇ ಅಧ್ಯಾಯ. ಎರಡು ಅನುವಾದ ಪಕ್ಕಪಕ್ಕ ಇಟ್ಟುಕೊಳ್ಳಿ, ಕನ್ನಡದ್ದೊಂದು, ಲಾವ್ ಅವರದ್ದೊಂದು. ಎರಡೂ ಒಂದೇ ಹೇಳಿದರೆ ಮುಂದೆ ಹೋಗಿ. ದೂರ ದೂರ ಹೋದ ಕಡೆ ನಿಲ್ಲಿ. ಅಲ್ಲಿ ಮೂಲವೇ ಗಂಟುಗಂಟಾಗಿದೆ ಅಂತ ಅರ್ಥ.

5ನೇ ಅಧ್ಯಾಯದ ಮೊದಲ ಸಾಲು ತೆಗೆದುಕೊಳ್ಳಿ. ಆಕಾಶ, ಭೂಮಿಗಳಿಗೆ ಕರುಣೆಯಿಲ್ಲ, ಅವು ಎಲ್ಲವನ್ನೂ ಹುಲ್ಲಿನ ನಾಯಿಗಳಂತೆ ಕಾಣುತ್ತವೆ. ಬರೀ ಇಷ್ಟನ್ನು ಓದಿದರೆ ಎದೆ ತಣ್ಣಗಾಗುತ್ತದೆ. ಹುಲ್ಲಿನ ನಾಯಿ ಅಂದರೇನು? ಜುವಾಂಗ್‌ಜಿಯ 14ನೇ ಅಧ್ಯಾಯದಲ್ಲಿ ಉತ್ತರವಿದೆ. ಪೂಜೆಗೆ ಮುಂಚೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಕಸೂತಿ ಬಟ್ಟೆ ಹೊದಿಸುತ್ತಾರೆ. ಪೂಜೆ ಮುಗಿದ ಮೇಲೆ ದಾರಿಹೋಕರು ತುಳಿಯುತ್ತಾರೆ, ಉರಿಗೆ ಹಾಕುತ್ತಾರೆ. ದ್ವೇಷವೂ ಇಲ್ಲ, ಪಕ್ಷಪಾತವೂ ಇಲ್ಲ, ಅದರ ಹೊತ್ತು ಮುಗಿಯಿತು. ಕ್ರಿ.ಶ. 249ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ವ್ಯಾಖ್ಯಾನಕಾರ ವಾಂಗ್ ಬಿ ಇದನ್ನು ಬೇರೆಯೇ ಓದುತ್ತಾನೆ. ಅವನಿಗೆ ಅದು ಹುಲ್ಲು ಮತ್ತು ನಾಯಿ. ಭೂಮಿ ದನಕ್ಕಾಗಿ ಹುಲ್ಲು ಬೆಳೆಸುವುದಿಲ್ಲ, ದನ ತಿನ್ನುತ್ತದೆ, ಅಷ್ಟೇ ಅನ್ನುತ್ತಾನೆ. ಇನ್ನು ‘ಕರುಣೆಯಿಲ್ಲ’ ಎಂಬಲ್ಲಿ ಮೂಲದಲ್ಲಿರುವುದು ‘ರೆನ್’. ಅನಲೆಕ್ಟ್ಸ್‌ನಲ್ಲಿ ಕನ್ಫ್ಯೂಷಿಯಸ್ ಎಲ್ಲಕ್ಕಿಂತ ಮೇಲಿಟ್ಟ ಗುಣ ಅದೇ. ನೀನು ಇಷ್ಟು ಎತ್ತರದಲ್ಲಿಟ್ಟದ್ದು ಆಕಾಶಕ್ಕೇ ಇಲ್ಲವಲ್ಲ ಅಂತ ಲಾವೋತ್ಸು ಅವನನ್ನು ಚುಚ್ಚುತ್ತಿದ್ದಾನೆ.

ಈ ಚುಚ್ಚು ಮಾತು ಮೊದಲಿಂದ ಇತ್ತೇ ಎಂಬುದು ಇನ್ನೂ ಚೆಂದದ ಪ್ರಶ್ನೆ. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯ್‌ನಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಳಗೆ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿ ಸಿಕ್ಕವು. ಅವುಗಳಲ್ಲಿ ಪುಸ್ತಕದ ಎರಡು ಭಾಗ ತಿರುಗುಮುರುಗು: ‘ದ’ ಭಾಗ ಮೊದಲು, ‘ದಾವ್’ ಭಾಗ ಆಮೇಲೆ. 1993ರಲ್ಲಿ ಹುಬೇ ಪ್ರಾಂತ್ಯದ ಗುವೋದಿಯಾನ್‌ನಲ್ಲಿ ಇನ್ನೂ ಹಳೆಯದು ಸಿಕ್ಕಿತು. ಕ್ರಿ.ಪೂ. 300ರ ಸುಮಾರಿನ ಬಿದಿರಿನ ಪಟ್ಟಿಗಳು. ಅದರಲ್ಲಿ 5ನೇ ಅಧ್ಯಾಯದಿಂದ ಇರುವುದು ಆಕಾಶ, ಭೂಮಿಗಳ ನಡುವಿನ ಜಾಗವನ್ನು ತಿದಿಗೆ ಹೋಲಿಸುವ ಸಾಲುಗಳು ಮಾತ್ರ. ಹುಲ್ಲಿನ ನಾಯಿ ಇಲ್ಲ. 19ನೇ ಅಧ್ಯಾಯದಲ್ಲೂ ಈಗಿನ ಪ್ರತಿಯಲ್ಲಿ ರೆನ್ ಅನ್ನು ಬಿಸಾಡಿ ಅಂತ ಇರುವ ಕಡೆ ಬೇರೆ ಮಾತಿದೆ. ಕನ್ಫ್ಯೂಷಿಯಸ್ ಕಡೆಯವರ ಜೊತೆ ಜಗಳ ಬಿಗಿಯಾದ ಹಾಗೆ ಪುಸ್ತಕವೂ ಹರಿತವಾಯಿತು ಅಂತ ಇದರಿಂದ ಕೆಲವು ವಿದ್ವಾಂಸರು ಊಹಿಸುತ್ತಾರೆ.

ಇಷ್ಟವಾಗದ ಅಧ್ಯಾಯಗಳನ್ನು ಹಾರಿಸಬೇಡಿ. 3ನೇ ಅಧ್ಯಾಯ ಜನರ ಹೊಟ್ಟೆ ತುಂಬಿಸು, ಮನಸ್ಸು ಖಾಲಿ ಮಾಡು ಅನ್ನುತ್ತದೆ. 30ನೆಯದು, ಸೈನ್ಯ ಬೀಡುಬಿಟ್ಟಲ್ಲಿ ಮುಳ್ಳು ಬೆಳೆಯುತ್ತದೆ ಅನ್ನುತ್ತದೆ. ಎರಡೂ ದೊರೆಗೆ ಹೇಳಿದ ಮಾತು. ಬರೀ ಮನಶ್ಶಾಂತಿಯ ಪುಸ್ತಕವಾಗಿ ಓದಿದರೆ ಇವು ಕಾಣುವುದೇ ಇಲ್ಲ.

ಓದುತ್ತಾ ಹೋಗುವಾಗ

ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಟಿಪ್ಪಣಿಗೂ ಪುಸ್ತಕ, ಅಧ್ಯಾಯದ ಸಂಖ್ಯೆ ಹಾಕಿ. ಇದರಿಂದ ಇನ್ನೊಂದು ಲಾಭವಿದೆ. ವಾಟ್ಸಾಪ್‌ನಲ್ಲಿ ಲಾವೋತ್ಸು ಹೆಸರಿನಲ್ಲಿ ಬರುವ ಎಷ್ಟೋ ಮಾತು ಅವನದ್ದಲ್ಲ. ‘ಖಿನ್ನರಾಗಿದ್ದರೆ ಹಿಂದಿನದರಲ್ಲಿ ಬದುಕುತ್ತಿದ್ದೀರಿ, ಆತಂಕವಿದ್ದರೆ ಮುಂದಿನದರಲ್ಲಿ’ ಎಂಬುದು ದಾವ್ ದ ಜಿಂಗ್‌ನ ಯಾವ ಅಧ್ಯಾಯದಲ್ಲೂ ಇಲ್ಲ. ಸಾವಿರ ಮೈಲಿಯ ಪಯಣ ಕಾಲ ಕೆಳಗಿಂದ ಶುರುವಾಗುತ್ತದೆ ಎಂಬುದು ಇದೆ, 64ರಲ್ಲಿ. ಯಾರಾದರೂ ಕಳಿಸಿದರೆ ಎಷ್ಟನೇ ಅಧ್ಯಾಯ ಅಂತ ಕೇಳಿ.

ಕನ್ನಡದವರಿಗೆ ಇನ್ನೊಂದು ಮಾತು. ಲಾವೋತ್ಸು ಓದುವಾಗ ಅಲ್ಲಮನ ಬಯಲು ನೆನಪಾಗಿಯೇ ಆಗುತ್ತದೆ. ಆಗಲಿ, ಅದೊಂದು ಸಂತೋಷ. ಬರೆದಿಟ್ಟುಕೊಳ್ಳಿ. ಆದರೆ ಎರಡೂ ಒಂದೇ ಅಂತ ತಕ್ಷಣ ತೀರ್ಮಾನಿಸಬೇಡಿ. ಈ ಎಚ್ಚರಿಕೆ ಹಳೆಯದು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದ ಹ್ಯುಯೆನ್ ತ್ಸಾಂಗ್ ಊರಿಗೆ ಮರಳಿದ ಮೇಲೆ, ಕಾಮರೂಪದ ಅರಸನಿಗಾಗಿ ಲಾವೋತ್ಸುವನ್ನು ಸಂಸ್ಕೃತಕ್ಕೆ ತರಲು ಚಕ್ರವರ್ತಿಯ ಅಪ್ಪಣೆಯಾಯಿತು. ತಾವೋ ಪಂಡಿತರು ಬೌದ್ಧರ ಮಾತುಗಳಲ್ಲೇ ವಿವರಿಸಿ ಅಂದರು. ಅವನು ಒಪ್ಪಲಿಲ್ಲ, ಎರಡರ ತತ್ವ ಬೇರೆ ಬೇರೆ ಎಂದ. ಆ ಸಂಸ್ಕೃತ ಪ್ರತಿ ಇವತ್ತು ಉಳಿದಿಲ್ಲ.

ತಾವೋ ಅಂದರೆ ಪುಸ್ತಕ ಮಾತ್ರ ಅಂದುಕೊಳ್ಳಲೂಬೇಡಿ. ಕ್ರಿ.ಶ. 142ರಲ್ಲಿ ಜಾಂಗ್ ದಾವ್‌ಲಿಂಗ್‌ನಿಂದ ಶುರುವಾಯಿತೆನ್ನುವ ಪಂಥದ ಪೂಜಾರಿಗಳು, ಗುಡಿಗಳು ಈಗಲೂ ಇವೆ. ಅದು ಇನ್ನೊಂದು ದೊಡ್ಡ ಓದು.

ಮುಂದೆ ಏನು

ಮೆನ್ಷಿಯಸ್ ಓದಿ, ಕನ್ಫ್ಯೂಷಿಯಸ್ ಕಡೆಯವನು, ಮನುಷ್ಯನ ಹುಟ್ಟುಗುಣ ಒಳ್ಳೆಯದು ಅನ್ನುವವನು. ಮಗು ಬಾವಿಗೆ ಬೀಳುವುದನ್ನು ಕಂಡವನ ಎದೆ ಯಾಕೆ ಝಲ್ಲೆನ್ನುತ್ತದೆ ಎಂಬ ಅವನ ವಾದ ಮರೆಯುವಂಥದ್ದಲ್ಲ. ಅದಕ್ಕೆ ಎದುರಾಗಿ, ಮನುಷ್ಯನ ಹುಟ್ಟುಗುಣ ಕೆಟ್ಟದ್ದು ಎಂಬ ಶುನ್‌ಜಿ. ಇವನ ಶಿಷ್ಯ ಹಾನ್ ಫೇ, ಚಿನ್ ರಾಜ್ಯದಲ್ಲಿ ಕ್ರಿ.ಪೂ. 233ರಲ್ಲಿ ಸತ್ತವನು. ಅವನ ಪುಸ್ತಕದ 20 ಮತ್ತು 21ನೇ ಅಧ್ಯಾಯಗಳು ನಮಗೆ ಉಳಿದುಬಂದಿರುವ ಲಾವೋತ್ಸು ವ್ಯಾಖ್ಯಾನಗಳಲ್ಲಿ ಎಲ್ಲಕ್ಕಿಂತ ಹಳೆಯವು.

ಅಲ್ಲಿಗೆ ಬಂದಾಗ ಒಂದು ಅಭ್ಯಾಸ ಮಾಡಿ. ದಾವ್ ದ ಜಿಂಗ್‌ನ 36ನೇ ಅಧ್ಯಾಯದ ಕೊನೆಯಲ್ಲಿ, ಮೀನು ಆಳ ಬಿಟ್ಟು ಬರಬಾರದು, ರಾಜ್ಯದ ಹರಿತ ಆಯುಧಗಳನ್ನು ಜನರಿಗೆ ತೋರಿಸಬಾರದು ಅಂತಿದೆ. ಹಾನ್ ಫೇಯ 21ನೇ ಅಧ್ಯಾಯ ಪಕ್ಕದಲ್ಲಿಡಿ: ಆಯುಧ ಅಂದರೆ ಬಹುಮಾನ ಮತ್ತು ಶಿಕ್ಷೆ, ದೊರೆ ಅದರ ಗುಟ್ಟು ಬಿಟ್ಟುಕೊಡಬಾರದು ಅನ್ನುತ್ತಾನೆ. ಜುವಾಂಗ್‌ಜಿಯ 10ನೇ ಅಧ್ಯಾಯವನ್ನೂ ತೆರೆಯಿರಿ. ಅಲ್ಲೂ ಅದೇ ಸಾಲು ಬರುತ್ತದೆ, ಆದರೆ ಅಲ್ಲಿ ಹರಿತ ಆಯುಧ ಅಂದರೆ ಜ್ಞಾನಿಗಳೇ. ಮೂರನ್ನೂ ಒಂದೇ ಸಂಜೆ ಓದಿ, ಯಾರ ಓದು ನಿಮಗೆ ಸರಿ ಕಾಣುತ್ತದೆ, ಯಾಕೆ, ಅಂತ ಅರ್ಧ ಪುಟ ಬರೆಯಿರಿ.